ಅಪ್ಪನ ಕಿಟಕಿಯಲ್ಲಿದ್ದ ನನ್ನ ನಂಬರು

ರೋಮಿಂಗ್ ಅಂದರೆ ಏನು ಅಂತ ತಿಳಿಯಲು ನಮ್ಮೂರಿನವರು ವಿಮಾನ ಹತ್ತಬೇಕಾಗಿರಲಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸು ಹತ್ತಿದರೆ ಸಾಕಿತ್ತು. ಎರಡು ರಾಜ್ಯಗಳ ಗಡಿಯ ತಲಪಾಡಿ ದಾಟಿದ ಕೂಡಲೇ ಬಸ್ಸಿನಲ್ಲಿದ್ದ ಫೋನುಗಳೆಲ್ಲ ಒಂದರ ಹಿಂದೆ ಒಂದು ಟಿಂಗ್ ಅನ್ನುತ್ತಿದ್ದವು. ಕರ್ನಾಟಕಕ್ಕೆ ಸ್ವಾಗತ, ಇನ್ನು ಬರುವ ಕರೆಗೂ ದುಡ್ಡು. ಅಷ್ಟು ಹೊತ್ತು ಮಾತಾಡುತ್ತಿದ್ದವರು ‘ಇಡ್ತೇನೆ ಮಾರಾಯ, ರೋಮಿಂಗ್ ಬಂತು’ ಅಂತ ಅರ್ಧಕ್ಕೇ ಇಡುತ್ತಿದ್ದರು. ಮಂಗಳೂರು ಮುಟ್ಟಿದ ಮೇಲೆ ಮನೆಗೆ ಒಂದು ಮಿಸ್ಡ್ ಕಾಲ್. ಕ್ಷೇಮವಾಗಿ ತಲುಪಿದೆ ಅಂತ ಅರ್ಥ. ಅಲ್ಲಿ ಓದುತ್ತಿದ್ದ ಉಪ್ಪಳ, ಮಂಜೇಶ್ವರದ ಹುಡುಗರ ಹತ್ತಿರ ಎರಡು ಸಿಮ್ ಇರುತ್ತಿತ್ತು. ಒಂದು ಫೋನಿನಲ್ಲಿ, ಇನ್ನೊಂದು ಪರ್ಸಿನಲ್ಲಿ, ಬಸ್ ಪಾಸಿನ ಹಿಂದೆ.

ಬಿಎಸ್ಸೆನ್ನೆಲ್ಲಿನ ಹಳೇ ನಂಬರುಗಳನ್ನು ನೋಡಿ. ಕೇರಳದ್ದು 9447, ಕರ್ನಾಟಕದ್ದು 9448. 1956ರಲ್ಲಿ ಎಳೆದ ಗಡಿ ಒಂದೇ ಒಂದು ಅಂಕಿಯಲ್ಲಿ ಬಂದು ಕೂತಿದೆ. ಕಾಸರಗೋಡಿನ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ನಡೆದಿದ್ದರೆ ನನ್ನದೂ 9448 ಆಗುತ್ತಿತ್ತೋ ಏನೋ. ಆಗಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಯಾರಿಗೇ ಫೋನ್ ಮಾಡಿದರೂ ‘ಕೇರಳದ ನಂಬರಾ?’ ಅಂತ ಮೊದಲ ಪ್ರಶ್ನೆ. ಅಬುಧಾಬಿಯಲ್ಲಿ ಮಲಯಾಳಿಗಳು ಅದೇ ನಂಬರು ಕೇಳಿ ಖುಷಿಯಿಂದ ಮಲಯಾಳದಲ್ಲೇ ಶುರು ಮಾಡುತ್ತಾರೆ. ನಾನೂ ಮಲಯಾಳದಲ್ಲೇ ಮುಂದುವರಿಸುತ್ತೇನೆ. ನಮಗೆ ಅದೇನು ದೊಡ್ಡ ಸಂಗತಿಯಲ್ಲ. ಶಾಲೆಗೆ ಕನ್ನಡ, ಪೇಟೆಗೆ ತುಳು, ಆಫೀಸಿಗೆ ಮಲಯಾಳ.

ನಾನು ಅಬುಧಾಬಿಗೆ ಬಂದು ಹನ್ನೆರಡು ವರ್ಷ ಆಯಿತು. ಹೋಗುವಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಊರಿನ ಸಿಮ್ಮನ್ನು ಒಂದು ಹಳೇ ಗುಂಡಿ ಫೋನಿಗೆ ಹಾಕಿ ಅಪ್ಪನ ಕೈಗೆ ಕೊಟ್ಟೆ. ‘ಏನೂ ಇಲ್ಲ ಅಪ್ಪ, ಸುಮ್ನೆ ಚಾರ್ಜ್ ಮಾಡಿ ಇಡಿ. ಓಟಿಪಿ ಬಂದ್ರೆ ಓದಿ ಹೇಳಿ, ಅಷ್ಟೇ.’ ಗಲ್ಫಿನಲ್ಲಿರುವ ನಮ್ಮ ಕಡೆಯವರಲ್ಲಿ ಹತ್ತರಲ್ಲಿ ಆರೇಳು ಜನರ ನಂಬರು ಹೀಗೆಯೇ ಯಾವುದೋ ಕಿಟಕಿಯಲ್ಲೋ ದೇವರ ಕೋಣೆಯ ಗೂಡಿನಲ್ಲೋ ಇರುತ್ತದೆ. ಇದು ನನ್ನ ಅಂದಾಜು, ಲೆಕ್ಕ ಹಾಕಿ ಹೇಳಿದ್ದಲ್ಲ.

ನಮ್ಮ ಮನೆ ಪೆರ್ಲದ ಹತ್ತಿರ, ಗುಡ್ಡದ ಬುಡದಲ್ಲಿ. ಟವರ್ ಸಿಗುವುದು ಒಂದೇ ಕಡೆ, ಅಡಿಗೆಮನೆ ಪಕ್ಕದ ಕೋಣೆಯ ಕಿಟಕಿಯಲ್ಲಿ. ಅದೂ ಬಲಗಡೆಯ ಮೂಲೆಯಲ್ಲಿ. ಅಪ್ಪ ಅಲ್ಲಿ ಒಂದು ತೆಂಗಿನ ಗೆರಟೆ ಇಟ್ಟು, ಅದರೊಳಗೆ ಫೋನನ್ನು ನಿಲ್ಲಿಸಿದ್ದರು. ನಾನು ಬ್ಯಾಂಕಿನ ಆ್ಯಪ್ ತೆರೆಯುವ ಮುಂಚೆ ಮನೆಯ ಇನ್ನೊಂದು ನಂಬರಿಗೆ ಫೋನ್ ಮಾಡಬೇಕು. ಅಪ್ಪ ತೋಟದಲ್ಲಿದ್ದರೆ ಅಮ್ಮ ಕೂಗಬೇಕು. ಅಪ್ಪ ಕೈಕಾಲು ತೊಳೆದು, ಕನ್ನಡಕ ಹುಡುಕಿ, ಕಿಟಕಿಯ ಹತ್ತಿರ ಬಂದು ನಿಂತ ಮೇಲೆ ನಾನು ಗುಂಡಿ ಒತ್ತಬೇಕು.

‘ಬಂತಾ ಅಪ್ಪ?’

‘ಬಂತು. ಮೇಲಿನದ್ದು ಓದುವುದಾ ಕೆಳಗಿನದ್ದಾ?’

‘ಈಗ ಬಂದದ್ದು ಓದಿ.’

‘ಎರಡೂ ಈಗಲೇ ಬಂದ ಹಾಗೆ ಉಂಟು. ನಾಲ್ಕು, ಎಂಟು, ಸೊನ್ನೆ...’

ಅಷ್ಟರಲ್ಲಿ ಬ್ಯಾಂಕು ಕೊಟ್ಟ ಮೂರು ನಿಮಿಷ ಮುಗಿದಿರುತ್ತದೆ. ಅಡಿಕೆಗೆ ಮದ್ದು ಬಿಡುವ ದಿನವಾದರೆ ಕೇಳುವುದೇ ಬೇಡ. ಆಟಿ ತಿಂಗಳ ಮಳೆಗೆ ಎರಡು ದಿನ ಕರೆಂಟು ಹೋದರೆ ಫೋನೂ ಸತ್ತಿರುತ್ತದೆ, ನನ್ನ ಬ್ಯಾಂಕೂ ಸತ್ತಿರುತ್ತದೆ. ಅಪ್ಪ ಮದುವೆಗೆ ನೀರ್ಚಾಲಿಗೆ ಹೋದರೂ ಎರಡು ಫೋನು ಹಿಡಿದುಕೊಂಡೇ ಹೋಗುತ್ತಿದ್ದರು. ‘ಮಗನ ಫೋನು’ ಅಂತ ಊಟದ ಪಂಕ್ತಿಯಲ್ಲೂ ಎದುರಿಗೆ ಇಟ್ಟುಕೊಂಡು ಕೂರುತ್ತಿದ್ದರು ಅಂತ ಅಮ್ಮ ನಗುತ್ತಾ ಹೇಳುತ್ತಿದ್ದರು. ನನಗೂ ನಗು ಬರುತ್ತಿತ್ತು.

ನಗು ನಿಂತದ್ದು ಎರಡು ವರ್ಷದ ಹಿಂದೆ. ಒಂದು ಮಧ್ಯಾಹ್ನ ಆ ಗುಂಡಿ ಫೋನಿಗೆ ಕರೆ ಬಂತು. ‘ನಿಮ್ಮ ಮಗನ ಖಾತೆ ನಿಲ್ಲುತ್ತದೆ, ಈಗ ಬರುವ ನಂಬರು ಓದಿ’ ಅಂತ. ಅಪ್ಪ ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದ್ದಾರೆ. ಮೂರು ಅಂಕಿ ಹೇಳಿಯೂ ಆಗಿದೆ. ಆಮೇಲೆ ಯಾಕೋ ನಿಲ್ಲಿಸಿ ಇಟ್ಟುಬಿಟ್ಟರಂತೆ. ಯಾಕೆ ಅಂತ ಕೇಳಿದರೆ, ‘ಅವನು ಅಂಕಲ್ ಅಂದ. ನಿನ್ನ ಬ್ಯಾಂಕಿನವರು ನನ್ನನ್ನು ಅಂಕಲ್ ಅನ್ನುವುದು ಎಂತಕ್ಕೆ ಅಂತ ಕಂಡಿತು’ ಅಂದರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕು ಹೇಳುತ್ತದೆ, ಪೊಲೀಸರು ಹೇಳುತ್ತಾರೆ, ನಾವೂ ಹಿರಿಯರಿಗೆ ಹೇಳುತ್ತೇವೆ. ಹಾಗೆ ಹೇಳಿದ ನಾವೇ ವಾರಕ್ಕೆರಡು ಸಲ ಅವರಿಂದ ಫೋನಿನಲ್ಲಿ ಓಟಿಪಿ ಓದಿಸುತ್ತೇವೆ. ಹತ್ತು ವರ್ಷ ಅಪ್ಪನಿಗೆ ನಾನು ಕೊಟ್ಟ ಟ್ರೇನಿಂಗ್ ಅದೇ ಅಲ್ವಾ? ಕಳ್ಳ ಹೊಸದಾಗಿ ಏನನ್ನೂ ಕಲಿಸಬೇಕಾಗಿರಲಿಲ್ಲ.

ಅದಕ್ಕೇ ಈಗ ನಾನು ಯಾರ ಹತ್ತಿರ ಬೇಕಾದರೂ ವಾದ ಮಾಡಲು ತಯಾರು: ಸಿಮ್ಮು ಯಾರ ಹೆಸರಿನಲ್ಲಿದೆಯೋ ಅವರ ಫೋನಿನಲ್ಲೇ ಇರಬೇಕು. ಮನೆಯವರ ಕೈಗೆ ಕೊಟ್ಟು ಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಹಾಗಂತ ನಂಬರನ್ನೇ ಬಿಟ್ಟುಬಿಡುವುದೂ ನನಗೆ ಸರಿ ಕಾಣುವುದಿಲ್ಲ. ಜರ್ಮನಿಯಲ್ಲಿರುವ ನನ್ನ ಭಾವ ಅದನ್ನೇ ಮಾಡಿದ. ‘ಎನ್‌ಆರ್‌ಇ ಖಾತೆಗೆ (ಹೊರದೇಶದಲ್ಲಿರುವವರ ಬ್ಯಾಂಕ್ ಖಾತೆ) ಇಲ್ಲಿಯ ನಂಬರೇ ಕೊಟ್ಟಿದ್ದೇನೆ, ಊರಿನ ಸಿಮ್ಮು ಎಂತಕ್ಕೆ?’ ಅಂತ. ಬ್ಯಾಂಕಿನ ಮಟ್ಟಿಗೆ ಅವನು ಹೇಳಿದ್ದು ಸರಿ. ಆದರೆ ಆಧಾರಿನ ಓಟಿಪಿ ಜರ್ಮನಿಗೆ ಹೋಗುವುದಿಲ್ಲ. ಯುಪಿಐ ಕೂಡ ಹಾಗೇ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಹತ್ತು ದೇಶಗಳ ನಂಬರಿಗೆ ಯುಪಿಐ ಬಿಟ್ಟುಕೊಡಲು ಹೊರಟಿತು. ಅದರಲ್ಲಿ ಯುಎಇ, ಸೌದಿ, ಒಮಾನ್, ಕತಾರ್ ಇದ್ದವು, ಜರ್ಮನಿ ಇರಲಿಲ್ಲ. ಜಾಗದ ಕಾಗದಪತ್ರಕ್ಕೆ ಅಂತ ಊರಿಗೆ ಬಂದ ಭಾವನ ಮೂರು ದಿನ ರಜೆ ಆಧಾರಿಗೆ ನಂಬರು ಸೇರಿಸಲು ಕೇರಳದ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದ ಬೆಂಚಿನ ಮೇಲೆ ಕಳೆಯಿತು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದುಂಟು. ಬಿಟ್ಟ ನಂಬರು ಸುಮ್ಮನೆ ಸತ್ತು ಬಿದ್ದಿರುವುದಿಲ್ಲ. ಕಂಪನಿ ಅದನ್ನು ಕಡಿದು 90 ದಿನ ಕಳೆದರೆ ಬೇರೆಯವರಿಗೆ ಕೊಡಬಹುದು. ಭಾವನ ನಂಬರು ಈಗ ತೃಶ್ಶೂರಿನ ಯಾರದೋ ಹತ್ತಿರ ಇದೆ. ಎಷ್ಟೋ ಸಮಯದವರೆಗೆ ನಮ್ಮ ಕಡೆಯ ಪೂಜೆ, ಉಪನಯನದ ಆಮಂತ್ರಣವೆಲ್ಲ ಕನ್ನಡದಲ್ಲೇ ಅವರಿಗೆ ಹೋಗುತ್ತಿತ್ತು. ಪಾಪ, ಒಂದಕ್ಕೆ ಅವರು ಕೈಮುಗಿದ ಚಿತ್ರ ಕಳಿಸಿದ್ದರು.

ಮಧ್ಯದ ದಾರಿ ಒಂದುಂಟು. ಗಲ್ಫಿನಲ್ಲಿರುವ ಕೆಲವು ಗೆಳೆಯರು ಬ್ಯಾಂಕಿಗೆ, ಯುಪಿಐಗೆ ಅಲ್ಲಿಯ ನಂಬರು ಕೊಟ್ಟು, ಊರಿನ ಸಿಮ್ಮನ್ನು ಆಧಾರಿಗೆ ಮಾತ್ರ ಇಟ್ಟುಕೊಂಡಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಯುಎಇ ನಂಬರು ಅಲ್ಲಿಯ ಗುರುತುಚೀಟಿ ಎಮಿರೇಟ್ಸ್ ಐಡಿಗೆ ಕಟ್ಟಿದ ಕರು. ಕೆಲಸ ಹೋಯಿತು, ವೀಸಾ ಹೋಯಿತು ಅಂದರೆ ಆ ನಂಬರೂ ಹೆಚ್ಚು ದಿನ ನಿಲ್ಲುವುದಿಲ್ಲ. ಊರಿಗೆ ಮರಳಿ ಸಾಮಾನು ಬಿಚ್ಚುವ ಹೊತ್ತಿನಲ್ಲೇ ನಿಮ್ಮ ಬ್ಯಾಂಕಿನ ಬೀಗದ ಕೈ ಸಮುದ್ರದ ಆಚೆ ಉಳಿದಿರುತ್ತದೆ. ನಮ್ಮ ದೇಶದ ನಂಬರು ಹಾಗಲ್ಲ. 2015ರ ಜುಲೈಯಿಂದ ದೇಶದ ಯಾವ ಮೂಲೆಗೆ ಹೋದರೂ, ಯಾವ ಕಂಪನಿಗೆ ಹೋದರೂ ಅದೇ ನಂಬರು. ದುಡ್ಡು ಹಾಕುತ್ತಾ ಇದ್ದರೆ ಸಾಯುವವರೆಗೂ ನಮ್ಮದೇ.

ಆ ದುಡ್ಡಿನ ವಿಷಯದಲ್ಲೇ ನಮ್ಮವರು ಎಡವುವುದು. ಹಿಂದೆ ಲೈಫ್‌ಟೈಮ್ ಸಿಮ್ ಅಂತ ತೆಗೆದುಕೊಂಡವರು ‘ಒಂದು ಸಲ ಕೊಟ್ಟಾಗಿದೆಯಲ್ಲ’ ಅಂತ ಕೂತಿದ್ದರು. 2018ರ ಕೊನೆಗೆ ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕಲೇಬೇಕು ಅಂತ ಬಂತು. 2024ರ ಜುಲೈಗೆ ಅದು ದೊಡ್ಡ ಕಂಪನಿಗಳಲ್ಲಿ 199ರ ಹತ್ತಿರ ಹೋಗಿ ನಿಂತಿತು. ಅದೂ 28 ದಿನಕ್ಕೆ. ಟೆಲಿಕಾಂನವರ ಪಂಚಾಂಗದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಹಾಗಾಗಿ 2,587 ರೂಪಾಯಿ. ಬರೀ ಓಟಿಪಿ ಬರುವ ಸಿಮ್ಮಿಗೆ ಇದು ಜಾಸ್ತಿಯೇ. ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಬೇರೆಯಾಗಿ ಕೊಡಿ, 365 ದಿನದವರೆಗೂ ಕೊಡಬಹುದು ಅಂತ ದೂರಸಂಪರ್ಕ ನಿಯಂತ್ರಕ ಟ್ರಾಯ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ವರ್ಷದ ಪ್ಯಾಕುಗಳು 1,800ರ ಆಸುಪಾಸಿನಲ್ಲಿ ಬಂದವು. ನಾನು ಹಾಕುವುದು ಅದನ್ನೇ. ವರ್ಷಕ್ಕೊಮ್ಮೆ, ರಜೆಯಲ್ಲಿ ಊರಿಗೆ ಬಂದಾಗ.

ಖಾತೆಯಲ್ಲಿ 20 ರೂಪಾಯಿ ಇದ್ದರೆ ಬಳಸದ ಸಿಮ್ಮನ್ನು ಕಡಿಯುವಂತಿಲ್ಲ ಅಂತ 2013ರ ನಿಯಮ ಉಂಟು, ನಿಜ. ಅದನ್ನು ನಂಬಿ ಕೂತರೆ ನಂಬರು ಉಳಿಯಬಹುದು, ಓಟಿಪಿ ಬರಬೇಕಲ್ಲ? ಪ್ಯಾಕ್ ಮುಗಿದು ಸ್ವಲ್ಪ ದಿನಕ್ಕೆ ಒಳಗೆ ಬರುವುದೂ ನಿಲ್ಲುತ್ತದೆ. ರೀಚಾರ್ಜ್ ಮಾಡೋಣ ಅಂತ ಕಾರ್ಡ್ ಹಾಕಿದರೆ ಅದರ ಓಟಿಪಿ ಬರುವುದು ಅದೇ ನಿಂತುಹೋದ ನಂಬರಿಗೆ. ನನ್ನ ಸಹೋದ್ಯೋಗಿಯೊಬ್ಬ ಇದರಲ್ಲಿ ಸಿಕ್ಕಿಬಿದ್ದು ಬದಿಯಡ್ಕದ ಮೊಬೈಲ್ ಅಂಗಡಿಗೆ ಫೋನ್ ಮಾಡಿ ಸಾಲ ಹೇಳಿ ಹಾಕಿಸಿಕೊಂಡ.

ಕಳೆದ ರಜೆಯಲ್ಲಿ ನಾನು ಗೆರಟೆಯಿಂದ ಸಿಮ್ಮನ್ನು ಎತ್ತಿದೆ. ಕಾರ್ಡೇ ಇಲ್ಲದ ಇ-ಸಿಮ್ ಮಾಡಿ ನನ್ನ ಫೋನಿಗೇ ಹಾಕಿಸಿಕೊಂಡೆ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಕಳ್ಳತನ ತಡೆಯಲು ಇರುವ ನಿಯಮ. ಹಾಗಾಗಿ ಈ ಕೆಲಸವನ್ನು ವಿಮಾನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಂತಾರಾಷ್ಟ್ರೀಯ ರೋಮಿಂಗನ್ನೂ ಊರಿನಲ್ಲಿರುವಾಗಲೇ ಆನ್ ಮಾಡಿಸಿ, ಆ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಿ. ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಕರೆ ಎತ್ತಿದರೆ ಮಾತ್ರ ಕೈ ಸುಡುತ್ತದೆ, ಹಾಗಾಗಿ ಎತ್ತುವುದಿಲ್ಲ. ತಲಪಾಡಿಯ ಬಸ್ಸಿನಲ್ಲಿ ಕಲಿತ ವಿದ್ಯೆ. ವಾಟ್ಸಾಪ್ ಕೂಡ ನನ್ನದು ಊರಿನ ನಂಬರಿನಲ್ಲೇ ಇದೆ. ಖಾತೆಯ ಸಿಮ್ಮು ಆ ಫೋನಿನಲ್ಲೇ ಇರುವಂತೆ ನೋಡಿಕೊಳ್ಳಿ ಅಂತ ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ವಾಟ್ಸಾಪಿನಂಥ ಆ್ಯಪ್‌ಗಳಿಗೆ ಸೂಚನೆ ಕೊಟ್ಟಿದ್ದರಿಂದ, ಸಿಮ್ಮು ಕಿಟಕಿಯಲ್ಲಿ ಮಗ ಮರಳುಗಾಡಿನಲ್ಲಿ ಅನ್ನುವ ಪದ್ಧತಿಗೆ ಇನ್ನು ಹೆಚ್ಚು ಆಯುಸ್ಸು ಇಲ್ಲ ಅನಿಸುತ್ತದೆ.

ಬಂದ ಮೇಲೆ ಒಂದು ತಿಂಗಳು ಎಲ್ಲ ಸುಸೂತ್ರ. ಮೊನ್ನೆ ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿದ್ದಾಗ ಫೋನು ಟಿಂಗ್ ಅಂದಿತು. ನೋಡಿದರೆ ಗ್ಯಾಸ್ ಸಿಲಿಂಡರಿನ ಕೋಡು. ಮನೆಯ ಗ್ಯಾಸ್ ಕನೆಕ್ಷನ್ನಿಗೂ ಹಿಂದೆ ನಾನೇ ನನ್ನ ನಂಬರು ಕೊಟ್ಟದ್ದು ಮರೆತೇಹೋಗಿತ್ತು. ಎರಡು ನಿಮಿಷಕ್ಕೆ ಅಪ್ಪನ ಫೋನು. ಹಿಂದೆ ಜೀಪಿನ ಇಂಜಿನ್ ಸದ್ದು.

‘ಸಿಲಿಂಡರಿನವ ಅಂಗಳದಲ್ಲಿ ನಿಂತಿದ್ದಾನೆ. ಓಟಿಪಿ ಬಂತಾ ಮಗಾ?’

‘ಬಂತು ಅಪ್ಪ. ಎರಡು ಬಂದಿದೆ.’

‘ಮೇಲಿನದ್ದು ಬೇಡ, ಈಗ ಬಂದದ್ದು ಓದು. ಬೇಗ ಓದು, ಅವನಿಗೆ ಸ್ವರ್ಗಕ್ಕೆ ಹೋಗ್ಲಿಕ್ಕುಂಟಂತೆ.’

ಸ್ವರ್ಗ ಅನ್ನುವುದು ನಮ್ಮ ಪಕ್ಕದ ಊರು.