ಪರಿಚಯಕ್ಕೆ ಮುಕ್ಕಾಲು ನಿಮಿಷ ಸಾಕು

"ಇವರಿಗೆ ಪರಿಚಯದ ಅಗತ್ಯವೇ ಇಲ್ಲ" ಎಂದು ಶುರುಮಾಡಿ ನಿರೂಪಕರು ನಾಲ್ಕು ನಿಮಿಷ ಭಾಷಣಕಾರರ ಪರಿಚಯ ಮಾಡುವ ಚಾಳಿ ನಮ್ಮ ಸಭೆ ಸಮಾರಂಭಗಳಿಂದ ವೆಬ್ ಡೆವಲಪರ್‌ಗಳ ಸಮ್ಮೇಳನಕ್ಕೂ ದಾಟಿಬಂದಿದೆ. ದಿನಕ್ಕೆ 10 ಭಾಷಣ ಎಂದಿಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ಮುಗಿಯಬೇಕಾದ ಪರಿಚಯ ಮೂರು ನಿಮಿಷ ಎಳೆದರೆ 20 ನಿಮಿಷ ಗೋತಾ. ಅಂದರೆ ಒಂದು ಪೂರ್ತಿ ಭಾಷಣ. ಕತ್ತರಿ ಬೀಳುವುದು ಊಟಕ್ಕೆ ಮುಂಚಿನ ಭಾಷಣಕಾರರಿಗೆ, ಪಾಪ, ಅವರದೇನೂ ತಪ್ಪಿರುವುದಿಲ್ಲ.

2005ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹುಟ್ಟಿ ಮರುವರ್ಷವೇ ಬೆಂಗಳೂರಿಗೂ ಬಂದ ಬಾರ್‌ಕ್ಯಾಂಪ್‌ನ ನಿಯಮಗಳಲ್ಲಿ ಒಂದು ಹೀಗಿದೆ: ಪರಿಚಯ ಮೂರೇ ಪದದಲ್ಲಿ. ಯಾರು ಬೇಕಾದರೂ ಎದ್ದು ಮಾತಾಡುವ ಕೂಟಕ್ಕೆ ಅದು ಸರಿ. ಮೊದಲೇ ವೇಳಾಪಟ್ಟಿ ಮಾಡಿದ ಸಮ್ಮೇಳನಕ್ಕೆ ಮೂರು ಪದ ಕಮ್ಮಿಯಾಯಿತು. ಕನ್ನಡದಲ್ಲಾದರೆ ಐವತ್ತು ಅರವತ್ತು ಪದ, ಮುಕ್ಕಾಲು ನಿಮಿಷ. ಅಷ್ಟರಲ್ಲಿ ಹೇಳಬೇಕಾದದ್ದು ಎರಡೇ: ಈ ವಿಷಯ ಸಭಾಂಗಣದಲ್ಲಿ ಕೂತವರಿಗೆ ಯಾಕೆ ಬೇಕು, ಅದನ್ನು ಇವರ ಬಾಯಲ್ಲೇ ಯಾಕೆ ಕೇಳಬೇಕು. ಓದಿದ ಕಾಲೇಜು, ಹಿಂದಿನ ನಾಲ್ಕು ಕಂಪನಿ, ಹವ್ಯಾಸವಾಗಿ ಚಾರಣ, ಇವೆಲ್ಲ ಸಮ್ಮೇಳನದ ಪುಟದಲ್ಲೇ ಇರುತ್ತವೆ, ಬೇಕಾದವರು ಓದಿಕೊಳ್ಳುತ್ತಾರೆ.

ಒಂದು ಮಾದರಿ. ಭಾಷಣ ಕನ್ನಡ ವೆಬ್ ಫಾಂಟ್‌ಗಳ ಬಗ್ಗೆ ಎನ್ನೋಣ. "ಕನ್ನಡದ ಜಾಲತಾಣ ತೆರೆದಾಗ ಚಿತ್ರ ಬಂದರೂ ಅಕ್ಷರ ಬಾರದೆ ಪುಟ ಖಾಲಿ ನಿಲ್ಲುವುದನ್ನು ನೋಡಿದ್ದೀರಿ. ಒತ್ತಕ್ಷರಗಳಿಂದಾಗಿ ನಮ್ಮ ಫಾಂಟ್ ಕಡತ ದೊಡ್ಡದು, ಅದು ಇಳಿಯುವ ತನಕ ಬ್ರೌಸರ್ ಮೂರು ಸೆಕೆಂಡ್‌ವರೆಗೂ ಅಕ್ಷರವನ್ನು ಬಚ್ಚಿಡುತ್ತದೆ. ಒಂದು ಸುದ್ದಿತಾಣದಲ್ಲಿ ಇದನ್ನು ಸರಿಪಡಿಸಿದವರು ಈಗ ಬರುತ್ತಿದ್ದಾರೆ." ಆಮೇಲೆ ಭಾಷಣದ ಶೀರ್ಷಿಕೆ, ಕಟ್ಟಕಡೆಗೆ ಹೆಸರು. ಹೆಸರು ಕೊನೆಗೇ ಬರಬೇಕು, ಯಾಕೆಂದರೆ ಚಪ್ಪಾಳೆ ಎಲ್ಲಿ ಹೊಡೆಯಬೇಕು ಎಂದು ಜನಕ್ಕೆ ಅದರಿಂದಲೇ ಗೊತ್ತಾಗುವುದು. ಮೊದಲೇ ಹೆಸರು ಹೇಳಿದಿರೋ, ಅರ್ಧ ಸಭೆ ಆಗಲೇ ತಟ್ಟುತ್ತದೆ, ಉಳಿದರ್ಧ ಕಾಯುತ್ತದೆ, ಭಾಷಣಕಾರರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿರುತ್ತಾರೆ. ಇನ್ನೊಂದು, ಸಮಸ್ಯೆ ಹೇಳಿ, ಪರಿಹಾರ ಹೇಳಬೇಡಿ. ಫಾಂಟನ್ನು ತುಂಡು ಮಾಡಿದರು ಎಂದು ನೀವೇ ಬಾಯಿಬಿಟ್ಟರೆ ಅವರ ಮೊದಲ ಐದು ಸ್ಲೈಡ್ ಸಪ್ಪೆ.

ಹೆಸರಿನ ಉಚ್ಚಾರಣೆ ಎಲ್ಲಕ್ಕಿಂತ ದೊಡ್ಡ ತಲೆನೋವು. ಇಂಗ್ಲಿಷಿನ ಒಂದೇ 'ಎ' ಅಕ್ಷರ ಅ ಕೂಡ ಹೌದು, ಆ ಕೂಡ ಹೌದು. 'ಟಿ' ಎಂದರೆ ತ ಇರಬಹುದು, ಟ ಇರಬಹುದು. ನಾವು ತಕಾರಕ್ಕೆಂದು 'ಟಿ' ಮುಂದೆ 'ಎಚ್' ಸೇರಿಸಿದರೆ ಉತ್ತರ ಭಾರತದವರು ಅದನ್ನು ಥ ಎಂದು ಓದುತ್ತಾರೆ. ವಾರ ಮುಂಚೆ ಭಾಷಣಕಾರರಿಂದ ವಾಟ್ಸ್ಆ್ಯಪ್‌ನಲ್ಲಿ ಐದು ಸೆಕೆಂಡಿನ ಧ್ವನಿ ತರಿಸಿಕೊಳ್ಳಿ, ಅವರ ಹೆಸರು ಅವರದೇ ಬಾಯಲ್ಲಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಕೂಡ 'ಲಿನಕ್ಸ್' ಎಂದು ಹೇಗೆ ಹೇಳಬೇಕೆಂದು 1990ರ ದಶಕದಲ್ಲೇ ಧ್ವನಿಮುದ್ರಿಸಿ ಹಂಚಿದ್ದರು. ಕೇಳಿಸಿಕೊಂಡದ್ದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಹ್ರಸ್ವ ದೀರ್ಘ, ತ ಟ, ಲ ಳ ಎಲ್ಲ ಬೇರೆಬೇರೆ ಬರೆಯುವ ಲಿಪಿ ಕೈಯಲ್ಲೇ ಇರುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ತಡವರಿಸುವುದೇಕೆ? ಪೋಲಿಷ್, ವಿಯೆಟ್ನಾಮೀಸ್ ಹೆಸರುಗಳಿಗೂ ಇದೇ ಉಪಾಯ ಸಾಕಷ್ಟು ಹತ್ತಿರ ಮುಟ್ಟಿಸುತ್ತದೆ.

ಇನಿಷಿಯಲ್ ಇನ್ನೊಂದು ಗುಂಡಿ. ನಮ್ಮಲ್ಲಿ ಇನಿಷಿಯಲ್ ಎಂದರೆ ಊರು, ಇಲ್ಲವೇ ಅಪ್ಪನ ಹೆಸರು. 'ಲಾಸ್ಟ್ ನೇಮ್' ಕಡ್ಡಾಯ ಮಾಡಿದ ಫಾರ್ಮಿನಿಂದ ಹೆಸರೆತ್ತಿ "ಮಿಸ್ಟರ್" ಹಚ್ಚಿದರೆ ಅವರ ಅಪ್ಪನನ್ನು ವೇದಿಕೆಗೆ ಕರೆದ ಹಾಗಾಗುತ್ತದೆ. (ಆ ಫಾರ್ಮ್ ಮಾಡಿದವರೂ ವೆಬ್ ಡೆವಲಪರ್‌ಗಳೇ, ಅದು ಬೇರೆ ಮಾತು.) ಇಂಗ್ಲಿಷಿನಲ್ಲಿ ಹೀ, ಶೀ ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು, ಕನ್ನಡಕ್ಕೆ ಆ ರಗಳೆಯಿಲ್ಲ, 'ಅವರು' ಎಂದರೆ ಎಲ್ಲರೂ ಬಂದರು. ಅದನ್ನು 'ರವರು' ಮಾಡಿ ಕೆಡಿಸದಿದ್ದರೆ ಸಾಕು. "ಮಹಿಳೆಯಾಗಿಯೂ ಇಷ್ಟೆಲ್ಲ ಸಾಧಿಸಿ" ಎನ್ನುವ ಸಾಲು ಹೊಗಳಿಕೆಯಲ್ಲ, ಅವಮಾನ.

ತಂತ್ರಜ್ಞಾನದ ಹೆಸರುಗಳನ್ನೂ ಪರೀಕ್ಷಿಸಿಕೊಳ್ಳಿ. 'ವಿಐಟಿಇ' ಸೇರಿದ ಆ ಬಿಲ್ಡ್ ಟೂಲ್ (ಬರೆದ ಕೋಡನ್ನು ಜಾಲತಾಣಕ್ಕೆ ಸಿದ್ಧಮಾಡುವ ಸಲಕರಣೆ) ವೈಟ್ ಅಲ್ಲ, ವೀಟ್. ಬೇಗ ಎಂಬರ್ಥದ ಫ್ರೆಂಚ್ ಪದ. ಜಾಲತಾಣ ಕಟ್ಟಲು ಬಳಸುವ 'ವಿಯುಇ' ವ್ಯೂ. 'ಎನ್‌ಜಿಐಎನ್‌ಎಕ್ಸ್' ಎಂಬ ವೆಬ್ ಸರ್ವರ್ ಹೆಸರು ಎಂಜಿನ್‌ಎಕ್ಸ್, ಒಂದೊಂದೇ ಅಕ್ಷರ ಬಿಡಿಸಿ ಓದಬೇಡಿ. ಜಾವಾಸ್ಕ್ರಿಪ್ಟ್, ಜಾವಾ ಎರಡೂ ಬೇರೆಬೇರೆ ಭಾಷೆ, ಜಾವಾಸ್ಕ್ರಿಪ್ಟ್‌ನವರನ್ನು "ಜಾವಾ ತಜ್ಞರು" ಎಂದರೆ ಸಭಾಂಗಣ ನಗುತ್ತದೆ, ಆ ನಗು ನಿಮ್ಮ ಜೋಕಿಗಲ್ಲ.

ಧ್ವನಿ ತರಿಸಿಕೊಳ್ಳುವಾಗಲೇ ಇನ್ನೆರಡು ಪ್ರಶ್ನೆ ಸೇರಿಸಿ: ಏನನ್ನು ಹೇಳಬಾರದು, ಪ್ರಶ್ನೋತ್ತರ ಬೇಕೋ ಬೇಡವೋ. ಕಂಪನಿಯ ಅನುಮತಿ ಇಲ್ಲದೆ ಸ್ವಂತ ನೆಲೆಯಲ್ಲಿ ಮಾತಾಡುವವರಿರುತ್ತಾರೆ, ಅವರ ಕಂಪನಿ ಹೆಸರು ಎತ್ತಿದರೆ ಸೋಮವಾರ ಅವರಿಗೆ ಕಷ್ಟ. ಇದೇ ಮೊದಲ ಭಾಷಣ ಎಂಬುದನ್ನು ಅವರು ಒಪ್ಪದೆ ಹೇಳಬೇಡಿ, ಕೆಲವರಿಗೆ ಅದು ಧೈರ್ಯ, ಕೆಲವರಿಗೆ ನಡುಕ.

ಇನ್ನು ವೇದಿಕೆ. ಮೊದಲು ಲ್ಯಾಪ್‌ಟಾಪ್ ಜೋಡಿಸಿ ಪರದೆಯಲ್ಲಿ ಸ್ಲೈಡ್ ಮೂಡಲಿ, ಆಮೇಲೆ ಪರಿಚಯ. ಉಲ್ಟಾ ಮಾಡಿದರೆ ಚಪ್ಪಾಳೆ ನಿಂತ ಮೇಲೆ ಭಾಷಣಕಾರರು ಎಲ್ಲರೆದುರು ಕೇಬಲ್ ಹುಡುಕುತ್ತಾರೆ. ಉದ್ದದ ಎಚ್‌ಡಿಎಂಐ ಕೇಬಲ್, ನಡುವೆ ಸ್ಪ್ಲಿಟ್ಟರ್ (ಒಂದೇ ಚಿತ್ರವನ್ನು ಹಲವು ಪರದೆಗೆ ಹಂಚುವ ಪೆಟ್ಟಿಗೆ) ಇದ್ದಲ್ಲಿ ಲ್ಯಾಪ್‌ಟಾಪ್ ಚಿತ್ರವನ್ನು ಹೆಚ್ಚು ರೆಸಲ್ಯೂಶನ್ನಿನ 4ಕೆಯಲ್ಲಿ ಕಳಿಸಲು ಹೋದರೆ ಪರದೆ ಕಪ್ಪಾಗುವುದುಂಟು. 1920×1080ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ಭಾಷಣಕಾರರಿಗೆ ಮಾತ್ರ ಕಾಣಬೇಕಾದ ಪ್ರೆಸೆಂಟರ್ ವ್ಯೂ ದೊಡ್ಡ ಪರದೆಗೆ ಹೋಗಿ ಅವರ ಖಾಸಗಿ ಟಿಪ್ಪಣಿ ಎಲ್ಲರಿಗೂ ಕಾಣುತ್ತಿದೆಯೇ ಎಂದು ನೋಡುವವರು ನೀವೇ, ಯಾಕೆಂದರೆ ಅವರ ಬೆನ್ನು ಪರದೆಗಿರುತ್ತದೆ.

ಎಷ್ಟೇ ತಯಾರಿ ಇದ್ದರೂ ದಿನಕ್ಕೊಂದು ಲ್ಯಾಪ್‌ಟಾಪ್ ಕೈಕೊಡುತ್ತದೆ. ಅದಕ್ಕೇ ಪ್ರಕಟಣೆಗಳನ್ನೆಲ್ಲ ಬೆಳಿಗ್ಗೆಯೇ ಖಾಲಿ ಮಾಡಬಾರದು. ವೈಫೈ ಪಾಸ್‌ವರ್ಡ್ ಇನ್ನೊಮ್ಮೆ, ಊಟ ಎಲ್ಲಿ, ನೀತಿಸಂಹಿತೆಯ ದೂರು ಯಾರಿಗೆ, ಇಂಥ ನಾಲ್ಕನ್ನು ಜೇಬಿನಲ್ಲಿಟ್ಟುಕೊಂಡರೆ ಎರಡು ನಿಮಿಷ ದಾಟುತ್ತದೆ. ಪರಿಚಯವನ್ನೇ ಹಿಗ್ಗಿಸಿ ಹೊತ್ತು ಕಳೆಯಬೇಡಿ.

ಚೀಟಿ ಕಾಗದದ್ದೇ ಇರಲಿ. ಫೋನ್ ಹಿಡಿದರೆ ಸರಿಯಾದ ಹೊತ್ತಿಗೇ ಲಾಕ್ ಆಗುತ್ತದೆ. ಮಾತನ್ನು ಆಗಿಂದಾಗಲೇ ಪರದೆಯಲ್ಲಿ ಬರಹವಾಗಿ ತೋರಿಸುವ ಲೈವ್ ಕ್ಯಾಪ್ಷನ್ ಹಾಕುವವರಿದ್ದರೆ ಅವರಿಗೂ ಹೆಸರುಗಳ ಒಂದು ಪ್ರತಿ ಮೊದಲೇ ಕೊಡಿ. ಭಾಷಣಕಾರರ ಕಾಲರ್ ಮೈಕ್ ನಿಮ್ಮ ಪರಿಚಯ ಮುಗಿಯುವವರೆಗೆ ಮ್ಯೂಟ್ ಆಗಿರಬೇಕು, ಇಲ್ಲವಾದರೆ ತಂತ್ರಜ್ಞರ ಜೊತೆ ಪಿಸುಗುಟ್ಟಿದ್ದೆಲ್ಲ ಸಭಾಂಗಣಕ್ಕೆ.

ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ? ಖಂಡಿತ ಮಾಡಿ, ಭಾಷಣದ ನಂತರ. ಮೊದಲೇ ಹೊದಿಸಿದ ಶಾಲು ಕಾಲರ್ ಮೈಕ್ ಮೇಲೆ ಉಜ್ಜಿ ಧ್ವನಿಮುದ್ರಣದುದ್ದಕ್ಕೂ ಕರಕರ ಎನ್ನುತ್ತದೆ, ಬುಟ್ಟಿ ಹಿಡಿದ ಕೈಯಲ್ಲಿ ಸ್ಲೈಡ್ ಬದಲಿಸುವ ಕ್ಲಿಕ್ಕರ್ ನಿಲ್ಲುವುದಿಲ್ಲ.

ಹೆಸರು ಹೇಳಿದ ಮೇಲೆ ನಿಮ್ಮ ಮೈಕ್ ಮ್ಯೂಟ್ ಮಾಡಿ, ಆಮೇಲೆ ಚಪ್ಪಾಳೆ ತಟ್ಟಿ. ಮೈಕ್ ಹಿಡಿದೇ ತಟ್ಟಿದರೆ ಸ್ಪೀಕರ್‌ನಲ್ಲಿ ಢಬಢಬ ಎಂದು ಕೇಳಿ ವಿಡಿಯೊದ ಮೊದಲ ಐದು ಸೆಕೆಂಡ್ ಕತ್ತರಿಸಬೇಕಾಗುತ್ತದೆ. ಅವರು ಹತ್ತುವ ಮೆಟ್ಟಿಲು ಬಿಟ್ಟು ಇನ್ನೊಂದು ಬದಿಯಿಂದ ಇಳಿಯಿರಿ.