ಸಂಬಳ ಏರಿದರೆ ಮಗುವಿನ ಭತ್ಯೆ ಹೋಗಬೇಕೇ?

ಬ್ರಿಟನ್ನಿನಲ್ಲಿ ಮಕ್ಕಳಿರುವ ಮನೆಗೆ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ 2025-26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ಆಮೇಲಿನ ಪ್ರತಿ ಮಗುವಿಗೆ 17.25 ಪೌಂಡ್. ಮನೆಯಲ್ಲಿ ಯಾರೊಬ್ಬರ ವಾರ್ಷಿಕ ವರಮಾನ 60,000 ಪೌಂಡ್ ದಾಟಿದರೂ ಅದು ಕರಗತೊಡಗುತ್ತದೆ. 80,000ಕ್ಕೆ ಪೂರ್ತಿ ಹೋಗುತ್ತದೆ. ಇದು ಸರಿಯೇ? ಇಬ್ಬರ ವಾದ ಇಲ್ಲಿದೆ.

ಪರ: ಉಳ್ಳವರ ಖಾತೆಗೆ ಸರ್ಕಾರದ ದುಡ್ಡೇಕೆ?

ಲೆಕ್ಕದಿಂದಲೇ ಶುರು ಮಾಡೋಣ. ಇಬ್ಬರು ಮಕ್ಕಳ ಮನೆಗೆ ವಾರಕ್ಕೆ 43.30 ಪೌಂಡ್, ವರ್ಷಕ್ಕೆ 2,251.60. ಇಂಗ್ಲೆಂಡಿನಲ್ಲಿ 80,000 ಪೌಂಡ್ ಸಂಬಳದವರಿಗೆ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ವಿಮೆಯ ವಂತಿಗೆ ಎಲ್ಲ ಕಳೆದು ಕೈಗೆ ಸುಮಾರು 57,000 ಬರುತ್ತದೆ. ಈ ಭತ್ಯೆ ಅದರಲ್ಲಿ ನೂರಕ್ಕೆ ನಾಲ್ಕು. ಬಂದರೆ ಮಗುವಿನ ಹೆಸರಿನ ಜೂನಿಯರ್ ಐಸಾ ಉಳಿತಾಯ ಖಾತೆಗೆ ಹೋಗುತ್ತದೆ, ಬರದಿದ್ದರೆ ಅಡುಗೆಮನೆಯಲ್ಲಿ ಏನೂ ಬದಲಾಗುವುದಿಲ್ಲ. ಕಡಿಮೆ ವರಮಾನದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ನಂಬಿ ಬದುಕುವ ಮನೆಯಲ್ಲಿ ಅದೇ 43 ಪೌಂಡ್ ಕರೆಂಟಿನ ಪ್ರೀಪೇಮೆಂಟ್ ಮೀಟರಿಗೆ ಹಾಕುವ ದುಡ್ಡು, ಶಾಲೆಗೆ ಹಾಕಿಕೊಂಡು ಹೋಗುವ ಶೂ. ಸರ್ಕಾರದ ಚೀಲಕ್ಕೆ ತಳ ಇದೆ ಎಂದಮೇಲೆ ಮೊದಲು ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ.

ಸ್ಕಾಟ್‌ಲೆಂಡ್ ಆ ಉತ್ತರ ಕೊಟ್ಟಾಗಿದೆ. ಅಲ್ಲಿನ ಸ್ಕಾಟಿಷ್ ಚೈಲ್ಡ್ ಪೇಮೆಂಟ್ 2025-26ರಲ್ಲಿ ಮಗುವೊಂದಕ್ಕೆ ವಾರಕ್ಕೆ 27.15 ಪೌಂಡ್. ಯೂನಿವರ್ಸಲ್ ಕ್ರೆಡಿಟ್‌ನಂಥ ನೆರವು ಪಡೆಯುವ ಮನೆಗಳಿಗೆ ಮಾತ್ರ, ಎರಡನೆಯ ಮಗು ಮೂರನೆಯ ಮಗು ಎಂದು ಕಡಿತವಿಲ್ಲ. ಎಲ್ಲರಿಗೂ ಹಂಚಲು ಹೊರಟಿದ್ದರೆ ಇಷ್ಟು ದಪ್ಪ ಮೊತ್ತ ಕೊಡಲು ಆಗುತ್ತಿರಲಿಲ್ಲ.

ಗಂಡ ಹೆಂಡತಿ ತಲಾ 60,000 ದುಡಿದರೆ ಪೂರ್ತಿ ಭತ್ಯೆ, ಒಬ್ಬರೇ 80,000 ದುಡಿದರೆ ಸೊನ್ನೆ ಎಂಬ ಪ್ರಶ್ನೆಯನ್ನು ಎದುರಾಳಿಗಳು ಎತ್ತುತ್ತಾರೆ. ಎತ್ತಲಿ. ಒಂದು ಹೊಲಿಗೆ ಬಿಟ್ಟಿದೆ ಎಂದು ಅಂಗಿಯನ್ನೇ ಬಿಸಾಡುವುದುಂಟೇ? ಕೆನಡಾದವರು ಇಡೀ ಕುಟುಂಬದ ನಿವ್ವಳ ವರಮಾನ ನೋಡಿ ಮಕ್ಕಳ ಭತ್ಯೆ ಕೊಡುತ್ತಾರೆ, ಅಲ್ಲೇನೂ ಆಕಾಶ ಬಿದ್ದಿಲ್ಲ. ಹೊಲಿಗೆ ಹಾಕಿಸುವುದು ಲಂಡನ್ನಿನ ಖಜಾನೆಯವರ ಕೆಲಸ, ಈ ವಾದದ್ದಲ್ಲ.

ಇನ್ನು, ಕಳೆದುಕೊಳ್ಳುವವರು ಕೈಕಟ್ಟಿ ಕೂರಬೇಕಿಲ್ಲ. ಲೆಕ್ಕಕ್ಕೆ ಬರುವುದು ಬರೀ ಸಂಬಳವಲ್ಲ, ‘ಅಡ್ಜಸ್ಟೆಡ್ ನೆಟ್ ಇನ್ಕಮ್’. ಪೆನ್ಷನ್‌ಗೆ ಹಾಕಿದ್ದು, ಗಿಫ್ಟ್ ಏಡ್ ಎಂಬ ತೆರಿಗೆ ರಿಯಾಯಿತಿ ಯೋಜನೆಯ ಮೂಲಕ ದಾನ ಕೊಟ್ಟದ್ದು ಇದರಿಂದ ಕಳೆಯುತ್ತದೆ. 67,400 ಪೌಂಡ್ ವರಮಾನ, ಇಬ್ಬರು ಮಕ್ಕಳು ಎಂದಿಟ್ಟುಕೊಳ್ಳಿ. ಮಿತಿಯ ಮೇಲಿರುವುದು 7,400. ಪ್ರತಿ 200ಕ್ಕೆ ಶೇ 1ರಂತೆ ಶೇ 37 ಕಡಿತ, ಅಂದರೆ 833 ಪೌಂಡ್. ಈಗ ಸ್ವಂತ ಪೆನ್ಷನ್‌ಗೆ 5,920 ಹಾಕಿ. ಪೆನ್ಷನ್ ಕಂಪನಿ ಸರ್ಕಾರದಿಂದ 1,480 ತಂದು ಸೇರಿಸಿ ಅದನ್ನು 7,400 ಮಾಡುತ್ತದೆ. ಮೇಲಿನ ದರದ ತೆರಿಗೆಯಲ್ಲಿ ಇನ್ನೊಂದು 1,480 ಹಿಂದಕ್ಕೆ ಬರುತ್ತದೆ. ವರಮಾನ 60,000ಕ್ಕೆ ಇಳಿದು 833ರ ಕಡಿತವೂ ಹಾರಿಹೋಗುತ್ತದೆ. ಕೈಯಿಂದ ನಿಜವಾಗಿ ಹೋದದ್ದು 3,607, ಪೆನ್ಷನ್ ಖಾತೆಯಲ್ಲಿ ಕೂತದ್ದು 7,400. ಇಂಥ ಅನುಕೂಲವಿರುವವರ ಗೊಣಗಾಟಕ್ಕೆ ಎಷ್ಟು ಹೊತ್ತು ಕಿವಿಗೊಡಬೇಕು?

ನಮ್ಮಲ್ಲೂ ಇದು ಹೊಸದಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಗೆ. ಆದರೆ ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ಇಲ್ಲ. ಇಬ್ಬರನ್ನೂ ನೋಡುವ ಆ ನಿಯಮ ಬ್ರಿಟನ್ನಿನದಕ್ಕಿಂತ ಒಂದು ಕೈ ಮೇಲೇ. ನಿಜ ಹೇಳಬೇಕೆಂದರೆ ಬ್ರಿಟನ್ನಿನ ಈಗಿನ ಕಾಯ್ದೆಯನ್ನು ಹೀಗೇ ಸಮರ್ಥಿಸಿಕೊಳ್ಳುವುದು ಕಷ್ಟ. ಅದರ ಹಿಂದಿನ ತತ್ವವನ್ನು ಸಮರ್ಥಿಸಬಹುದು, ಇಲ್ಲಿ ಮಾಡಿದ್ದು ಅಷ್ಟೇ.

ವಿರೋಧ: ಇದು ದಾನವಲ್ಲ, ತೆರಿಗೆಯ ಲೆಕ್ಕ

ಚೈಲ್ಡ್ ಬೆನಿಫಿಟ್ ಬಡವರಿಗೆ ಹಾಕುವ ಭಿಕ್ಷೆ, ಅದನ್ನು ಸಿರಿವಂತರು ಕಬಳಿಸುತ್ತಿದ್ದಾರೆ ಎಂಬ ಚಿತ್ರವೇ ಸುಳ್ಳು. ಅದಕ್ಕೆ ಎರಡು ಬೇರುಗಳಿವೆ. ಒಂದು, 1909ರ ಲಾಯ್ಡ್ ಜಾರ್ಜ್ ಬಜೆಟ್ಟಿನಲ್ಲಿ ಬಂದ ತೆರಿಗೆ ವಿನಾಯಿತಿ. ಮಕ್ಕಳನ್ನು ಸಾಕುವವನ ಕೈಯಲ್ಲಿ ತೆರಿಗೆ ಕಟ್ಟುವ ಶಕ್ತಿ ಅಷ್ಟು ಕಡಿಮೆ ಎಂದು ಒಪ್ಪಿ ಕೊಟ್ಟದ್ದು. ಇನ್ನೊಂದು, 1945ರ ಫ್ಯಾಮಿಲಿ ಅಲೋಯನ್ಸಸ್ ಕಾಯ್ದೆ. ಆ ಮಸೂದೆಯಲ್ಲಿ ಹಣ ತಂದೆಗೆ ಎಂದಿತ್ತು. ದಶಕಗಳಿಂದ ಇದಕ್ಕಾಗಿ ಹೋರಾಡಿದ್ದ ಸಂಸದೆ ಎಲೀನರ್ ರ್‍ಯಾತ್‌ಬೋನ್ ಪಟ್ಟು ಹಿಡಿದು ಅದನ್ನು ತಾಯಿಯ ಕೈಗೆ ತಿರುಗಿಸಿದರು. 1946ರ ಜನವರಿಯಲ್ಲಿ ಆಕೆ ತೀರಿಕೊಂಡರು. ಎರಡನೆಯ ಮಗುವಿನಿಂದ ವಾರಕ್ಕೆ 5 ಷಿಲಿಂಗ್‌ನಂತೆ ಮೊದಲ ಪಾವತಿ ಆದದ್ದು ಅದೇ ಆಗಸ್ಟ್‌ನಲ್ಲಿ. 1975ರ ಕಾಯ್ದೆ ಈ ಎರಡನ್ನೂ ಒಂದು ಮಾಡಿತು. 1977ರಿಂದ 1979ರೊಳಗೆ ತೆರಿಗೆ ವಿನಾಯಿತಿಯನ್ನು ಹಂತಹಂತವಾಗಿ ಕಿತ್ತು, ಅದರ ಬದಲಿಗೆ ಚೈಲ್ಡ್ ಬೆನಿಫಿಟ್ ಕೊಟ್ಟರು. ಅಂದರೆ ತೆರಿಗೆದಾರರಿಂದ ಒಂದನ್ನು ಪಡೆದು ಇದನ್ನು ಕೊಟ್ಟದ್ದು. ಈಗ ಇದನ್ನೂ ಕಿತ್ತರೆ, 90,000 ಸಂಪಾದಿಸಿ ಮೂವರು ಮಕ್ಕಳನ್ನು ಸಾಕುವವರೂ ಅಷ್ಟೇ ಸಂಪಾದಿಸುವ ಒಂಟಿ ಮನುಷ್ಯನೂ ಒಂದೇ ತೆರಿಗೆ ಕಟ್ಟುತ್ತಾರೆ. ಮಕ್ಕಳು ಅವರವರ ಷೋಕಿ ಎಂದು ಹೇಳಿದ ಹಾಗಾಯಿತು.

ಅಂದಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ 2010ರ ಅಕ್ಟೋಬರ್‌ನಲ್ಲಿ ಘೋಷಿಸಿ 2013ರ ಜನವರಿ 7ರಿಂದ ಜಾರಿಗೆ ತಂದ ‘ಹೈ ಇನ್ಕಮ್ ಚೈಲ್ಡ್ ಬೆನಿಫಿಟ್ ಚಾರ್ಜ್’, ಅಂದರೆ ಕೊಟ್ಟ ಭತ್ಯೆಯನ್ನು ತೆರಿಗೆಯಾಗಿ ವಾಪಸು ಪಡೆಯುವ ಕ್ರಮ, ಹೇಗೆ ಕೆಲಸ ಮಾಡುತ್ತದೆ ನೋಡಿ. ಒಂದೇ ಬೀದಿಯ ಎರಡು ಮನೆ. ಒಂದರಲ್ಲಿ ಗಂಡ ಹೆಂಡತಿ ತಲಾ 60,000, ಒಟ್ಟು 1,20,000. ಭತ್ಯೆ ಪೂರ್ತಿ. ಪಕ್ಕದಲ್ಲಿ ಇಬ್ಬರು ಮಕ್ಕಳ ಒಂಟಿ ತಾಯಿ, 80,000. ಒಂದು ಪೆನ್ನಿಯೂ ಇಲ್ಲ. ಇದನ್ನು ಸಣ್ಣ ಹೊಲಿಗೆ ಬಿಚ್ಚಿದ್ದು ಎನ್ನುವವರು ಬಟ್ಟೆಯನ್ನೇ ನೋಡಿಲ್ಲ. 1990ರಿಂದ ಬ್ರಿಟನ್ನಿನಲ್ಲಿ ಗಂಡ ಹೆಂಡತಿಯರ ಆದಾಯ ತೆರಿಗೆ ಬೇರೆ ಬೇರೆ. ಹೆಂಡತಿಯ ಸಂಪಾದನೆಯನ್ನು ಗಂಡನ ಲೆಕ್ಕಕ್ಕೆ ಸೇರಿಸುವ ಹಳೆಯ ಪದ್ಧತಿಯನ್ನು ಹೆಂಗಸರು ಹೋರಾಡಿ ತೆಗೆಸಿದ್ದು. ಹಾಗಾಗಿ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಕಡತದಲ್ಲಿ ‘ಮನೆಯ ವರಮಾನ’ ಎಂಬ ಸಾಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಅಂದಿನ ಹಣಕಾಸು ಸಚಿವ ಜೆರೆಮಿ ಹಂಟ್ ಮಿತಿಯನ್ನು 50,000ದಿಂದ 60,000ಕ್ಕೆ ಏರಿಸುವಾಗ, 2026ರ ಏಪ್ರಿಲ್‌ಗೆ ಕುಟುಂಬದ ಲೆಕ್ಕಕ್ಕೆ ಬರುತ್ತೇವೆ ಎಂದರು. ಅದೇ ಅಕ್ಟೋಬರ್‌ನಲ್ಲಿ ಆಮೇಲೆ ಬಂದ ಹಣಕಾಸು ಸಚಿವೆ ರೇಚಲ್ ರೀವ್ಸ್ ಖರ್ಚು ಜಾಸ್ತಿ ಎಂದು ಅದನ್ನು ಕೈಬಿಟ್ಟರು.

ಮಿತಿಯ ಕಥೆಯೂ ಹೀಗೇ. 2013ರಲ್ಲಿ ಶೇ 40ರ ತೆರಿಗೆ 42,475ಕ್ಕೆ ಶುರುವಾಗುತ್ತಿತ್ತು, ಆಗ 50,000 ಎಂದರೆ ನಿಜಕ್ಕೂ ಮೇಲಿನ ಮೆಟ್ಟಿಲು. ಆ ಗೆರೆಯನ್ನು 11 ವರ್ಷ ಅಲ್ಲೇ ಬಿಟ್ಟರು. 2021ರಲ್ಲಿ ಶೇ 40ರ ಗೆರೆ 50,270ಕ್ಕೆ ಬಂದಾಗ ಶೇ 20 ಮಾತ್ರ ಕಟ್ಟುವವರೂ ‘ಹೆಚ್ಚು ವರಮಾನ’ದವರ ಪಟ್ಟಿಗೆ ಬಿದ್ದರು! ಇಂದಿನ 60,000ವೂ ಬೆಲೆಯೇರಿಕೆಗೆ ತಾನಾಗಿ ಏರುವಂಥದ್ದಲ್ಲ.

200 ಪೌಂಡ್ ಓವರ್‌ಟೈಮ್ ಸಿಕ್ಕಿತು ಎನ್ನಿ. ಮಿತಿ ದಾಟಿದವರಿಗೆ ತೆರಿಗೆ 80, ನ್ಯಾಷನಲ್ ಇನ್ಶೂರೆನ್ಸ್ 4, ಇಬ್ಬರು ಮಕ್ಕಳಿದ್ದರೆ ಭತ್ಯೆಯ ಕಡಿತ 22. ಉಳಿಯುವುದು 94. ಮೂವರಿದ್ದರೆ ಕಡಿತ 31, ಉಳಿಯುವುದು 85. ಕೋಟ್ಯಧಿಪತಿಯ ಮೇಲಿನ ತೆರಿಗೆ ದರವೂ ಇಷ್ಟಿಲ್ಲ. ಪೆನ್ಷನ್‌ಗೆ ಹಾಕಿ ತಪ್ಪಿಸಿಕೊಳ್ಳಿ ಎಂಬ ಬುದ್ಧಿವಾದ ಚೆನ್ನಾಗಿದೆ. ಆದರೆ ಅದಕ್ಕೆ ತಕ್ಷಣ 5,920 ಪೌಂಡ್ ಕೈಯಲ್ಲಿರಬೇಕು. ಮನೆ ಸಾಲದ ಕಂತು, ನರ್ಸರಿ ಫೀಸು ಕಟ್ಟಿದ ಮೇಲೆ ಅಷ್ಟು ಮಿಗುವವರು ಯಾರು? ಒಂದೇ ಸಂಬಳದ ಮನೆಯವರಂತೂ ಅಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಕಾಗದದ್ದು. ಹಣ ಬರುವುದು ಸಾಮಾನ್ಯವಾಗಿ ತಾಯಿಯ ಖಾತೆಗೆ, ನಾಲ್ಕು ವಾರಕ್ಕೊಮ್ಮೆ. ಬಿಲ್ ಬರುವುದು ಇಬ್ಬರಲ್ಲಿ ಹೆಚ್ಚು ಸಂಪಾದಿಸುವವರಿಗೆ. ಅವರು ಮಗುವಿನ ಹೆತ್ತವರೇ ಆಗಿರಬೇಕಿಲ್ಲ, ಮೊನ್ನೆ ಬಂದು ಜೊತೆಯಲ್ಲಿ ವಾಸಿಸುವ ಸಂಗಾತಿಯಾದರೂ ಒಟ್ಟಿಗಿದ್ದ ವಾರಗಳ ಲೆಕ್ಕ ಅವರ ತಲೆಗೆ. ಮಿತಿ ದಾಟಿದರೆ ಏಪ್ರಿಲ್ 5ಕ್ಕೆ ತೆರಿಗೆ ವರ್ಷ ಮುಗಿದ ಮೇಲೆ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟ್‌ಗೆ ನೋಂದಾಯಿಸಿ, ಜನವರಿ 31ರೊಳಗೆ ರಿಟರ್ನ್ ಹಾಕಿ ಕಟ್ಟಬೇಕು. ಸಂಬಳದಲ್ಲೇ ಹಿಡಿಸಿಕೊಳ್ಳುವ ದಾರಿ ಬಂದದ್ದು 2025ರಲ್ಲಿ, ಹನ್ನೆರಡು ವರ್ಷ ತಡವಾಗಿ. ಅಲ್ಲಿಯವರೆಗೆ, ಜೀವನದಲ್ಲಿ ರಿಟರ್ನ್ ಎಂಬುದನ್ನೇ ಕಾಣದ ಸಂಬಳದಾರರಿಗೆ ಹಲವು ವರ್ಷದ ಬಾಕಿ, ಬಡ್ಡಿ, ದಂಡ ಒಟ್ಟಿಗೆ ಬಂದು ಬೀಳುತ್ತಿತ್ತು. ಹೀಗೆ ಹಳೆಯ ವರ್ಷಗಳ ಬಾಕಿ ಕೇಳಿದ ರೀತಿಗೆ ಕಾನೂನಿನ ಆಧಾರವೇ ಇಲ್ಲ ಎಂದು 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯಾದ ಅಪ್ಪರ್ ಟ್ರಿಬ್ಯೂನಲ್ ಹೇಳಿತು. ಸರ್ಕಾರ ಮಾಡಿದ್ದೇನು? 2022ರಲ್ಲಿ ಕಾನೂನನ್ನೇ ಪೂರ್ವಾನ್ವಯವಾಗಿ ತಿದ್ದಿತು.

ಸ್ಲೌ, ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆಯ ನಮ್ಮ ಐಟಿ ಕುಟುಂಬಗಳು ಇಲ್ಲಿ ಎಡವುವುದು ಎರಡು ಕಡೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತು ಇರುತ್ತದೆ, ಚೈಲ್ಡ್ ಬೆನಿಫಿಟ್ ಆ ನಿಧಿಗಳಲ್ಲಿ ಒಂದು. ತೆರಿಗೆ ಮಾತ್ರ ಮೊದಲ ದಿನದಿಂದ ಪೂರ್ತಿ. ಕಾಯಂ ವಾಸದ ಹಕ್ಕು ಸಿಗುವ ಹೊತ್ತಿಗೆ ಸಂಬಳ 60,000ದ ಆಸುಪಾಸಿನಲ್ಲಿರುತ್ತದೆ. ಆಗ ಎಡವುವ ಮೊದಲ ಕಡೆ ವರಮಾನದ ಲೆಕ್ಕ. ಸಂಬಳ 58,000 ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆ, ಊರಿನ ಬ್ಯಾಂಕಿನಲ್ಲಿರುವ ಎಫ್‌ಡಿಯ ಬಡ್ಡಿ, ಕಂಪನಿ ಕೊಟ್ಟ ಷೇರುಗಳು ಆ ವರ್ಷ ಕೈಗೆ ಬಂದದ್ದು, ಕಂಪನಿ ಕಾರಿನ ತೆರಿಗೆ ಮೌಲ್ಯ, ಎಲ್ಲವೂ ಸೇರುತ್ತವೆ. ಭಾರತದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿದರೆ ಅಲ್ಲಿನದು ಏಪ್ರಿಲ್ 5ಕ್ಕೆ. ಊರಿನ ಆಡಿಟರ್ ಕೊಟ್ಟ ಮೊತ್ತವನ್ನು ಹಾಗೇ ಇಳಿಸಿದರೆ ತಪ್ಪುತ್ತದೆ.

ಎರಡನೆಯದು, ಹೇಗೂ ಸಿಗುವುದಿಲ್ಲವಲ್ಲ ಎಂದು ಅರ್ಜಿಯನ್ನೇ ಹಾಕದೆ ಬಿಡುವುದು. ಅತಿ ದುಬಾರಿ ತಪ್ಪು ಇದೇ. 12 ವರ್ಷದೊಳಗಿನ ಮಗುವಿಗೆ ಕ್ಲೈಮ್ ಮಾಡಿದವರಿಗೆ, ಕೆಲಸಕ್ಕೆ ಹೋಗದಿದ್ದರೂ, ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್, ಅಂದರೆ ಆ ವರ್ಷದ ವಂತಿಗೆ ಕಟ್ಟಿದ ಲೆಕ್ಕ, ಸಿಗುತ್ತದೆ. ಪೂರ್ತಿ ಸ್ಟೇಟ್ ಪೆನ್ಷನ್‌ಗೆ ಅಂಥ 35 ವರ್ಷ ಬೇಕು. 2025-26ರ ಪೂರ್ಣ ದರ ವಾರಕ್ಕೆ 230.25, ಒಂದು ವರ್ಷ ತಪ್ಪಿದರೆ ವಾರಕ್ಕೆ 6.58, ವರ್ಷಕ್ಕೆ 342 ಪೌಂಡ್ ಕಡಿಮೆ, ಬದುಕಿರುವವರೆಗೂ. ಆ ವರ್ಷವನ್ನು ಕೈಯಿಂದ ಕಟ್ಟಿ ತುಂಬಿಸಿಕೊಳ್ಳಲು 2025-26ರ ದರದಲ್ಲಿ ವಾರಕ್ಕೆ 17.75, ಅಂದರೆ 923 ಪೌಂಡ್. ಸಂಬಳವಿರುವ ಗಂಡನ ಮೇಲೆ ಹಾಕಿದ ಕಡಿತ ಕೊನೆಗೆ ಮನೆಯಲ್ಲಿರುವ ಹೆಂಡತಿಯ ಮುಪ್ಪಿಗೆ ಕೈ ಹಾಕುತ್ತದೆ.

ಹಾಗಾದರೆ ಲಾರ್ಡುಗಳ ಮೊಮ್ಮಕ್ಕಳಿಗೂ ಕೊಡಬೇಕೇ ಎಂದು ಕೇಳುವವರಿದ್ದಾರೆ. ಕೊಡಲಿ, ಲಾರ್ಡುಗಳಿಂದ ತೆರಿಗೆಯಲ್ಲಿ ವಸೂಲು ಮಾಡಲಿ. ಸ್ವೀಡನ್ ಪ್ರತಿ ಮಗುವಿಗೂ ತಿಂಗಳಿಗೆ 1,250 ಕ್ರೋನಾ ಕೊಡುತ್ತದೆ, ಅಪ್ಪ ಅಮ್ಮನ ಸಂಬಳ ಕೇಳುವುದಿಲ್ಲ. ಜರ್ಮನಿಯಲ್ಲಿ 2025ಕ್ಕೆ ತಿಂಗಳಿಗೆ 255 ಯೂರೋ. ಅಲ್ಲಿ ಮಕ್ಕಳ ತೆರಿಗೆ ವಿನಾಯಿತಿ ಇನ್ನೂ ಜೀವಂತ, ಎರಡರಲ್ಲಿ ಯಾವುದು ಲಾಭವೋ ಅದನ್ನು ತೆರಿಗೆ ಕಚೇರಿಯೇ ಲೆಕ್ಕ ಹಾಕಿ ಕೊಡುತ್ತದೆ. ಗೃಹಲಕ್ಷ್ಮಿಯನ್ನು ಮಾದರಿಯೆಂದು ತೋರಿಸುವವರಂತೂ, ಸಾಲಕ್ಕಾಗಿ ರಿಟರ್ನ್ಸ್ ಮಾತ್ರ ಹಾಕಿ ಒಂದು ರೂಪಾಯಿ ತೆರಿಗೆ ಕಟ್ಟದ ಮನೆಯವರು ಕಂಪ್ಯೂಟರಿನಲ್ಲಿ ತೆರಿಗೆದಾರರಾಗಿ ಕಾಣಿಸಿದಾಗ ಯಾವ ಕೌಂಟರಿನಲ್ಲಿ ನಿಲ್ಲಬೇಕು ಎಂದು ಹೇಳಲಿ.

ಕಾಯ್ದೆ ಇರುವವರೆಗೆ ಮಾಡಬೇಕಾದ್ದು ಇಷ್ಟು. ಅರ್ಹರಾದ ಕೂಡಲೇ ಆನ್‌ಲೈನ್‌ನಲ್ಲಾಗಲಿ ಸಿಎಚ್2 ಅರ್ಜಿಯಲ್ಲಾಗಲಿ ಕ್ಲೈಮ್ ಹಾಕಿ, ಹಿಂದಿನದು ಸಿಗುವುದು ಮೂರು ತಿಂಗಳು ಮಾತ್ರ. ಸಂಬಳವಿಲ್ಲದವರ ಹೆಸರಿನಲ್ಲೇ ಹಾಕಿ, ಕ್ರೆಡಿಟ್ ಹೋಗುವುದು ಹೆಸರಿದ್ದವರಿಗೆ. ವರಮಾನ 80,000 ದಾಟಿದ್ದರೆ, ಹಣ ಬೇಡ ಎನ್ನುವ ಆಯ್ಕೆಗೆ ಟಿಕ್ ಹಾಕಿ ಉಳಿದ ಅರ್ಜಿಯನ್ನು ಪೂರ್ತಿ ತುಂಬಿ ಕಳಿಸಿ. ಅಷ್ಟಾದರೆ ಗಂಡನಿಗೆ ಬಿಲ್ ಬರುವುದಿಲ್ಲ, ಹೆಂಡತಿಯ ಪೆನ್ಷನ್ ವರ್ಷ ತಪ್ಪುವುದಿಲ್ಲ, ಮಗುವಿಗೆ 16 ತುಂಬುವ ಹೊತ್ತಿಗೆ ಅದರ ನ್ಯಾಷನಲ್ ಇನ್ಶೂರೆನ್ಸ್ ನಂಬರು ತಾನಾಗಿ ಮನೆಗೆ ಬರುತ್ತದೆ.