ಬುಗ್ಗೆಗಾಗಿ ಬೋರ್ ಮುಚ್ಚಿದ ಊರು

ಕರ್ನಾಟಕದಿಂದ ಯಾರೇ ನೆಂಟರು ಬಂದರೂ ಹ್ಯಾಮಿಲ್ಟನ್‌ನಲ್ಲಿರುವ ನಾವು ಅವರನ್ನು ರೊಟೊರುವಾಕ್ಕೆ ಕರೆದೊಯ್ಯಲೇಬೇಕು. ನ್ಯೂಜಿಲೆಂಡಿನ ಉತ್ತರ ದ್ವೀಪದ ಈ ಊರು ಹಳೆಯ ಜ್ವಾಲಾಮುಖಿಯೊಂದರ ಕುಸಿದ ಬಾಯೊಳಗೇ ಕುಳಿತಿದೆ. ಊರು ಹತ್ತಿರವಾದಂತೆ ಕೊಳೆತ ಮೊಟ್ಟೆಯ ವಾಸನೆ ಕಾರಿನೊಳಗೆ ನುಗ್ಗುತ್ತದೆ, ಹೆಂಗಸರ ಸೆರಗು ಮೂಗಿಗೆ ಹೋಗುತ್ತದೆ. ಅದು ನೆಲದಿಂದ ಏಳುವ ಹೈಡ್ರೋಜನ್ ಸಲ್ಫೈಡ್. ರಸ್ತೆ ಬದಿಯ ಚರಂಡಿಯಿಂದಲೂ ಹಬೆ ಏಳುತ್ತಿರುತ್ತದೆ.

ಎಲ್ಲರೂ ಫೋಟೊ ತೆಗೆಯುವುದು ಫಾಕರೆವರೆವ ಕಣಿವೆಯ ಪೊಹುಟು ಎಂಬ ಬಿಸಿನೀರ ಬುಗ್ಗೆಯದು. ಅದು ಮೂವತ್ತು ಮೀಟರ್‌ವರೆಗೂ ಚಿಮ್ಮುತ್ತದೆ, ಚೆಂದವೇ. ನಾನು ಜನರಿಗೆ ತೋರಿಸುವುದು ಅಲ್ಲೇ ಇರುವ ಪಾಪಾಕುರಾ ಎಂಬ ಸಣ್ಣ ಬುಗ್ಗೆಯನ್ನು. 1979ರಲ್ಲಿ ನಿಂತುಹೋದ ಅದು ಮತ್ತೆ ಚಿಮ್ಮಿದ್ದು 2015ರಲ್ಲಿ. ಕೋಲಾರದ ಕಡೆಯವನಾದ ನನಗೆ, ಬತ್ತಿದ ನೀರು ಮರಳಿ ಬಂತು ಎನ್ನುವ ಸುದ್ದಿಗಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ಬೇರೆ ಇಲ್ಲ.

ಅದು ನಿಂತದ್ದೇಕೆ? ಎಪ್ಪತ್ತರ ದಶಕದಲ್ಲಿ ತೈಲ ದುಬಾರಿಯಾದಾಗ ಮನೆ, ಹೋಟೆಲು, ಈಜುಕೊಳಗಳನ್ನು ಬೆಚ್ಚಗಿಡಲು ಊರಿನವರು ಬಿಸಿನೀರಿಗೆ ಬೋರ್ ಮೇಲೆ ಬೋರ್ ಕೊರೆದರು. ಬುಗ್ಗೆ ಚಿಮ್ಮುವುದು ನೆಲದಡಿಯ ಒತ್ತಡದಿಂದ. ಪ್ರತಿಯೊಂದು ಬೋರ್ ಆ ಒತ್ತಡವನ್ನು ಕದಿಯಿತು. ಎಂಬತ್ತರ ದಶಕದ ಕೊನೆಯಲ್ಲಿ ಸರ್ಕಾರ ಪೊಹುಟುವಿನಿಂದ ಒಂದೂವರೆ ಕಿಲೋಮೀಟರ್ ದೂರದೊಳಗಿನ ಬೋರ್‌ಗಳನ್ನು ಮುಚ್ಚಿಸಿತು, ಹೊರಗಿನವುಗಳಿಗೆ ಶುಲ್ಕ ಹಾಕಿತು. ಜನ ಸುಮ್ಮನಿರಲಿಲ್ಲ, ಜೋರಾಗಿಯೇ ಕೂಗಾಡಿದರು. ಆದೇಶ ಮಾತ್ರ ಹಿಂದೆ ಸರಿಯಲಿಲ್ಲ. ನೆಲದಡಿಯ ನೀರಿನ ಮಟ್ಟ ಏರಿತು, ಬತ್ತಿದ್ದ ಕೆಲವು ಚಿಲುಮೆಗಳು ಮತ್ತೆ ಹರಿದವು.

ಇಲ್ಲಿಯವರು ಹುಟ್ಟಾ ಬುದ್ಧಿವಂತರು ಎಂದು ನಾನೇನೂ ಹೇಳುತ್ತಿಲ್ಲ. ಇದೇ ದೇಶ 1958ರಲ್ಲಿ ವೈರಾಕೇಯಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಶುರುಮಾಡಿ ಪಕ್ಕದ ಬುಗ್ಗೆ ಕಣಿವೆಯನ್ನು ಕೊಂದಿತು. 1961ರಲ್ಲಿ ವೈಕಾಟೊ ನದಿಗೆ ಅಣೆಕಟ್ಟು ಕಟ್ಟಿ ಒರಾಕೇ ಕೊರಾಕೋದ ಹಲವು ಬುಗ್ಗೆಗಳನ್ನು ಮುಳುಗಿಸಿತು. ಎರಡು ಕಡೆ ಕಳೆದುಕೊಂಡ ಮೇಲೆ ಮೂರನೆಯದರಲ್ಲಿ ಎಚ್ಚೆತ್ತಿತು.

ಬೋರ್ ಇಲ್ಲದೆಯೂ ಈ ನೀರಿನಿಂದ ಬದುಕುವುದು ಹೇಗೆಂದು ಫಾಕರೆವರೆವ ಕಣಿವೆಯ ಮಾವೊರಿಗಳ, ಅಂದರೆ ಇಲ್ಲಿನ ಮೂಲನಿವಾಸಿಗಳ, ಹಳ್ಳಿ ತೋರಿಸುತ್ತದೆ. 1886ರಲ್ಲಿ ತರವೇರಾ ಜ್ವಾಲಾಮುಖಿ ಸಿಡಿದಾಗ ಮನೆಮಠ ಕಳೆದುಕೊಂಡವರ ವಂಶದವರೂ ಇಲ್ಲಿದ್ದಾರೆ. ಕುದಿಯುವ ಕೊಳದಲ್ಲಿ ಮುಸುಕಿನ ಜೋಳದ ತೆನೆ ಬೇಯಿಸುತ್ತಾರೆ, ಹಬೆ ಬರುವಲ್ಲಿ ಪೆಟ್ಟಿಗೆ ಇಟ್ಟು ಮಾಂಸ, ಗೆಣಸು ಬೇಯಿಸುತ್ತಾರೆ. ಉಕ್ಕಿ ಹೊರಬಂದ ನೀರನ್ನು ಕಾಲುವೆಯಲ್ಲಿ ಸ್ನಾನದ ತೊಟ್ಟಿಗೆ ಹರಿಸುತ್ತಾರೆ. ನೆಲ ತಾನಾಗಿ ಕೊಟ್ಟಷ್ಟು ಸಾಕು. (ಆ ಜೋಳಕ್ಕೆ ಒಂದಿಷ್ಟು ಖಾರ, ನಿಂಬೆಹುಳಿ ಹಚ್ಚಿದರೆ ಚೆನ್ನಾಗಿರುತ್ತಿತ್ತು ಎಂಬುದು ನಮ್ಮ ಮನೆಯವರ ಖಾಯಂ ತಕರಾರು.)

ಇನ್ನು ನಮ್ಮ ಕಡೆ. ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ಬರೀ ಧೂಳು ಬರುವುದು ಹೊಸದೇನಲ್ಲ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರಿಗೂ ರಿಗ್ ಲಾರಿಯವರಿಗೂ ಬಿಡುವಿಲ್ಲ. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆಯೇ ಇದೆ, ಕೊರೆಯಲು ಅನುಮತಿ ಬೇಕು. ಜೊತೆಗೆ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ತೂ ಇದೆ. ಒಂದು ಕೈಯಲ್ಲಿ ತಡೆ, ಇನ್ನೊಂದು ಕೈಯಲ್ಲಿ ಆಹ್ವಾನ. ಕೊನೆಗೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ತುಂಬಿಸಬೇಕಾಯಿತು. ನೀರು ತರುವ ಯೋಜನೆಗೆ ಎಲ್ಲ ಪಕ್ಷದವರೂ ಹಾರ ಹಾಕಿಸಿಕೊಳ್ಳುತ್ತಾರೆ, ನೀರೆತ್ತುವುದನ್ನು ಕಡಿಮೆ ಮಾಡಿ ಎಂದು ಮತ ಕೇಳಿದವರನ್ನು ನಾನು ಕಂಡಿಲ್ಲ.

ಇದನ್ನು ಹೇಳಿದಾಗ ಊರಿನಿಂದ ಬಂದಿದ್ದ ಚಿಕ್ಕಪ್ಪ ಸಿಟ್ಟಾದರು. "ಇಲ್ಲಿಯವರು ಮುಚ್ಚಿದ್ದು ಈಜುಕೊಳದ ಬೋರ್. ನಾನು ಮುಚ್ಚಿದರೆ ಹಿಪ್ಪುನೇರಳೆ ಒಣಗುತ್ತದೆ, ರೇಷ್ಮೆ ಸಾಲ ನೀನು ತೀರಿಸುತ್ತೀಯೇನಪ್ಪ?" ಅವರ ಮಾತಿನಲ್ಲಿ ನ್ಯಾಯವಿದೆ. ಹೊಟ್ಟೆಪಾಡಿನ ಬೋರ್ ಮುಚ್ಚಿಸಲು ಯಾವ ಸರ್ಕಾರಕ್ಕೂ ಮುಖವಿಲ್ಲ.

ಆದರೆ ರೊಟೊರುವಾದಲ್ಲಿ ಇಂದಿಗೂ ಬೋರ್‌ಗಳಿವೆ. ಬಿಸಿಯನ್ನು ಬಳಸಿಕೊಂಡು ನೀರನ್ನು ನೆಲದೊಳಕ್ಕೇ ಮರಳಿಸುವ ಪದ್ಧತಿ ಅಲ್ಲಿ ಬೆಳೆದಿದೆ. ನಮ್ಮಲ್ಲಿ ಹರಿಸಿದ ನೀರನ್ನು ಬೆಳೆ ಕುಡಿದುಬಿಡುತ್ತದೆ, ಮರಳಿಸಲು ಉಳಿಯುವುದು ಮಳೆ ನೀರೊಂದೇ. ಹಾಗಾದರೆ ಬೋರ್ ಪಕ್ಕ ಇಂಗುಗುಂಡಿ ತೋಡಿದವರಿಗಷ್ಟೇ ಉಚಿತ ವಿದ್ಯುತ್ ಎಂದು ಒಂದೇ ಒಂದು ತಾಲ್ಲೂಕಿನಲ್ಲಾದರೂ ಷರತ್ತು ಹಾಕಿ ನೋಡಬಹುದಲ್ಲ? ಅಷ್ಟಕ್ಕೆ ಚಿಕ್ಕಪ್ಪನೂ ಒಪ್ಪಿದರು, ಗುಂಡಿಯ ಖರ್ಚು ಸರ್ಕಾರವೇ ಕೊಡಬೇಕು ಎಂದು ಸೇರಿಸಿದರು.